ಬರದ ಅಂಗಡಿ

ಟ್ರೆಗಾರನ್ನಿನ ಚೌಕದಲ್ಲಿ, ಬಸ್ಸು ತಿರುಗುವ ಮೂಲೆಗೆ,
ಎಲುನೆಡ್‌ಳ ಬೇಕರಿಯ ನೆತ್ತಿಗೆ
ಮೊಳದುದ್ದದ ನಾಲ್ಕು ಇಂಗ್ಲಿಷ್ ಅಕ್ಷರ.
ಕೂಡಿಸಿ ಓದಿದರೆ: ಬರ.

ಕೆಲಸ ಕೇಳಲು ಬಂದವಳು ಮೆಟ್ಟಿಲಲ್ಲೇ ನಿಂತೆ.
ಒಳಗಿಂದ ಹುದುಗಿದ ಹಿಟ್ಟಿನ ಬೆಚ್ಚನೆ ಹುಳಿವಾಸನೆ,
ಹೊರಗೆ ಈ ಬೋರ್ಡು.
ಇಂಥ ಹೆಸರಿಟ್ಟು ಯಾರಾದರೂ ವ್ಯಾಪಾರ ಮಾಡುತ್ತಾರೆಯೇ?

"ಬ್ರೆಡ್ಡು, ನಮ್ಮ ವೆಲ್ಶಿನಲ್ಲಿ," ಎಂದಳು ಆಕೆ
ಕೈಯ ಹಿಟ್ಟು ಕೊಡವುತ್ತ.
ಅದು ಇಲ್ಲದಾಗ ನಾವು ಆ ಮಾತು ಆಡುತ್ತೇವೆ, ಎಂದೆ.
ಆಕೆ ನಗಲಿಲ್ಲ. ತಲೆಯೆತ್ತಿ ಬೋರ್ಡು ನೋಡಿದಳು.
"ಅವ್ವನ ಕಾಲದಲ್ಲಿ ಚೀಟಿಗೆ ಅಳೆದು ಕೊಡುತ್ತಿದ್ದರು.
ಆಗ ನಿನ್ನ ಅರ್ಥವೂ ನಡೆಯುತ್ತಿತ್ತು.
ನಾಳೆ ನಾಲ್ಕಕ್ಕೆ ಬಾ. ಬೆಳಗಿನ ನಾಲ್ಕು."

ಮೂರನೆಯ ವಾರ ಒಲೆಯ ಬಾಯಲ್ಲಿ ಬಟ್ಟೆ ಹೊತ್ತಿಕೊಂಡಿತು.
ಗಾಬರಿಯಾದರೆ ಎಲುನೆಡ್‌ಗೆ ಇಂಗ್ಲಿಷ್ ಕೈಕೊಡುತ್ತದೆ.
"ತಾನ್!" ಎಂದು ಕೂಗಿದಳು.
ತಾನು? ಯಾರು ತಾನು?
ನಾನು ಹಿಂದೆ ಮುಂದೆ ನೋಡುವಷ್ಟರಲ್ಲಿ
"ದೂರ್! ದೂರ್!"
ಹೇಳಿದ ಮಾತು ಮೀರುವವಳಲ್ಲ ನಾನು.
ಓಡಿದೆ, ಹಿತ್ತಿಲ ಗೇಟು ದಾಟಿ,
ಪಕ್ಕದವರ ಕುರಿಗಳ ನಡುವೆ ನಿಂತು ತಿರುಗಿ ನೋಡಿದೆ.

ಆಕೆ ಕೇಳಿದ್ದು ನೀರು.
ತಾನ್ ಎಂದರೆ ಬೆಂಕಿ.
ಬಕೆಟ್ಟು ಕೊನೆಗೆ ಆಕೆಯೇ ಸುರಿದಳು.
ಚಹಾದ ಹೊತ್ತಿಗೆ ತಪ್ಪೊಪ್ಪಿಗೆ: ತಾನು, ದೂರ, ಜೊತೆಗೆ ದೂರು ಅಂತಲೂ ಒಂದಿದೆ ನಮ್ಮಲ್ಲಿ.
"ಅದನ್ನು ನಾನು ಕೊಡಬೇಕಿತ್ತು," ಎಂದಳು.
ನೀರು ಕೇಳಿದರೆ ಊರು ಬಿಟ್ಟವಳು ಎಂದು
ಈಗ ನನಗೆ ಇಲ್ಲಿ ಹೆಸರಿದೆ.

ಎಂಬತ್ತೆಂಟರ ಮೊರ್ವೆನ್ ಕೌಂಟರಿಗೆ ಒರಗಿ
"ಹೇನ್, ಹೇನ್" ಎಂದು ಎದೆ ತಟ್ಟಿಕೊಂಡರೆ
ನನ್ನ ಕೈ ತಲೆಗೆ ಹೋಗುತ್ತದೆ.
ಮುದುಕಿಯಾದೆ ಎಂದಷ್ಟೇ ಅವಳ ಕೊರಗು.
ಜೊತೆಗೆ ನಾಯ್ ಬಂದಿದ್ದಾನೆ ಎಂದಾಗ ಬಾಗಿಲಾಚೆ ಬಾಲ ಹುಡುಕಿದೆ,
ಅಣ್ಣನ ಮಗ ಯೆಸ್ಟಿನ್, ಆರಡಿ ಆಳು,
ತಲೆ ಬಗ್ಗಿಸಿ ಒಳಗೆ ಬಂದ.

ಶುಕ್ರವಾರ ಎರಡೇ ಬನ್ನು ಕೊಳ್ಳುವ ಇಥೆಲ್ ಮೇಷ್ಟ್ರು
ಇದನ್ನೆಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.
ಯಾವುದೋ ಕಾಲದ ಹಡಗು ಬಂದಿರಬೇಕಂತೆ,
ಬೇರು ಒಂದೇ ಇರಬೇಕಂತೆ.

ನನಗೇನೋ ನಂಬಿಕೆಯಿಲ್ಲ.
ತುಟಿ ಎರಡು, ನಾಲಿಗೆ ಒಂದು,
ಹೇಳಬೇಕಾದ್ದೋ ಲೋಕದಷ್ಟು.
ಸಣ್ಣ ಮಾತುಗಳು ಡಿಕ್ಕಿ ಹೊಡೆಯದೆ ಎಲ್ಲಿಗೆ ಹೋದಾವು?
ಸಂತೆಯಲ್ಲಿ ಒಂದೇ ಅಂಚಿನ ಸೀರೆಯುಟ್ಟ ಇಬ್ಬರು
ಎದುರಾಬದುರಾದಂತೆ. ನಂಟಿಲ್ಲ, ಗುರುತಿಲ್ಲ.
ಆದರೂ ಗಳಿಗೆ ನಿಲ್ಲುತ್ತಾರೆ,
ಎಲ್ಲಿ ಕೊಂಡಿರಿ ಎಂದು
ಒಬ್ಬರ ಸೆರಗು ಒಬ್ಬರು ಮುಟ್ಟಿ ನೋಡುತ್ತಾರೆ.

ಸಂಜೆ ಉಳಿದ ಒಣಕಲು ತುಂಡುಗಳಿಗೆ
ಈಗ ನಮ್ಮಿಬ್ಬರದೇ ಒಂದು ಹೆಸರು: ಬರಗೆಟ್ಟದ್ದು.
"ಬರಗೆಟ್ಟವಳೇ, ಅಗಿದು ನುಂಗು!"
ನನ್ನ ಅಜ್ಜಿ ತಟ್ಟೆಯ ಮುಂದೆ ಬೈಯುತ್ತಿದ್ದ ಮಾತು.
ಬ್ರೆಡ್ಡು ಕೆಟ್ಟಿತು ಎಂದರೂ ಸರಿ,
ಹಸಿದು ಕಂಗೆಟ್ಟಿತು ಎಂದರೂ ಸರಿ.
ಎಲುನೆಡ್ "ಗೆಟ್ಟ"ದ ಮೇಲೆ ಒತ್ತು ಹಾಕಿ ಕೂಗುತ್ತಾಳೆ.
ಹಾಲಲ್ಲಿ ನೆನೆಸಿ, ದ್ರಾಕ್ಷಿ ಹಾಕಿ, ಪುಡ್ಡಿಂಗು ಮಾಡುತ್ತೇವೆ.

ಒಂದು ಮಾತು ಮಾತ್ರ ಆಕೆಗೆ ಹೇಳಿಲ್ಲ.
ನಸುಕಿಗೆ ಮೊದಲ ತಟ್ಟೆ ಹೊರಗೆಳೆದು
"ನೀ" ಎನ್ನುತ್ತಾಳೆ, ಬೆವರೊರೆಸಿಕೊಳ್ಳುತ್ತ.
ನಾವು ಎಂದು ಅದರ ಅರ್ಥ. ನಾವು ಮಾಡಿದ್ದು, ನೋಡು.
ಗೊತ್ತು ನನಗೆ, ಪಾಠ ಆಗಿದೆ.
ಆದರೂ ಕಿವಿ ಮೊದಲು ಹಳೆಯ ದಾರಿಯನ್ನೇ ಹಿಡಿಯುತ್ತದೆ,
ಯಾರೋ ನನ್ನನ್ನೇ ಕರೆದಂತೆ, ಏಕವಚನದಲ್ಲಿ, ಸಲಿಗೆಯಿಂದ.
ತಿರುಗುತ್ತೇನೆ.
ಆಕೆ ಬ್ರೆಡ್ಡೊಂದನ್ನು ಬೋರಲು ಹಾಕಿಕೊಂಡು
ತಳವನ್ನು ಬೆರಳಲ್ಲಿ ತಟ್ಟಿ ಆಲಿಸುತ್ತಿರುತ್ತಾಳೆ.
ಟೊಳ್ಳು ಸದ್ದು ಬಂದರೆ
ಬೆಂದಿದೆ ಎಂದು ಲೆಕ್ಕ.